ಸುಧಾಮಣಿ ಸ್ನೂಕ್ ಹಿಡಿದದ್ದು

ಮಾರಿಸ್‌ಟೌನಿನ ಔಷಧಿ ಅಂಗಡಿ ಮುಚ್ಚಿದ ಮೇಲೆ ಸುಧಾಮಣಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಕೌಂಟರಿನ ಹಿಂದೆ ನಿಂತೇ ಕೆಲಸ ಮಾಡಿದ ಫಾರ್ಮಸಿಸ್ಟ್ ಆಕೆ. ಈಗ ಹಿಲ್ಸ್‌ಬರೋದ ಮನೆಯಲ್ಲಿ ಒರೆಸಿದ ಕಟ್ಟೆಯನ್ನೇ ಒರೆಸುವಳು, ಮಡಿಸಿಟ್ಟ ಬಟ್ಟೆ ಬಿಡಿಸಿ ಮತ್ತೆ ಮಡಿಸುವಳು. ಮಹಡಿಯಲ್ಲಿ ಗಂಡ ದಿವಾಕರ ಆಫೀಸಿನ ಮೀಟಿಂಗಿನಲ್ಲಿದ್ದರೆ ಕೆಳಗೆ ಪಾತ್ರೆಗಳ ಸದ್ದು ನಿಲ್ಲುತ್ತಲೇ ಇರಲಿಲ್ಲ.

ಅಂಗಡಿಗೆ ಬರುತ್ತಿದ್ದವರಲ್ಲಿ ನೌರೀನ್ ಒಬ್ಬಳು. ಬೆಂಗಳೂರಿನ ಶಿವಾಜಿನಗರದವಳು, ಫ್ಲೈ ಫಿಶಿಂಗ್ ಹುಚ್ಚು ಹಿಡಿಸಿಕೊಂಡವಳು. ಒಂದು ಶನಿವಾರ ಅವಳು ಸುಧಾಮಣಿಯನ್ನು ಸ್ಯಾಂಡಿ ಹುಕ್ ಬೀಚಿಗೆ ಕರೆದೊಯ್ದಳು. ಈ ಗಾಳಕ್ಕೆ ಹುಳು ಬೇಡ. ಪುಕ್ಕ ಸುತ್ತಿ ಮರಿಮೀನಿನಂತೆ ಕಾಣುವ ಹಗುರವಾದ ಕೊಕ್ಕೆ, ಅದನ್ನು ಹೊತ್ತೊಯ್ಯಲು ಭಾರದ ದಾರ.

"ಒಂದ್ಸಲ ಬೀಸಿ ನೋಡಿ ಆಂಟಿ."

ಮೊದಲ ಬೀಸಿಗೆ ಕೊಕ್ಕೆ ಅವಳ ಟೋಪಿಗೇ ಸಿಕ್ಕಿತು. ಸಂಜೆಯ ಹೊತ್ತಿಗೆ ಭುಜ ಸೋತಿತ್ತು, ಆದರೂ ಸಾಕೆನ್ನಲು ಮನಸ್ಸು ಬರಲಿಲ್ಲ.

"ನಾವು ಮೊಟ್ಟೇನೂ ತಿನ್ನೋರಲ್ಲ. ಮೀನು ಹಿಡಿದು ಏನ್ ಮಾಡ್ತೀಯ?" ಎಂದು ಮನೆಯಲ್ಲಿ ದಿವಾಕರ ಕೇಳಿದ.

"ಬಿಟ್ಟುಬಿಡ್ತೀನಿ ರೀ."

"ಬಿಡೋದಾದ್ರೆ ಹಿಡಿಯೋದು ಯಾಕೆ?"

ಮರುದಿನ ಅವಳು ಹಿತ್ತಲಲ್ಲಿ ಅಭ್ಯಾಸಕ್ಕೆಂದು ಬರೀ ದಾರ ಬೀಸುತ್ತ ನಿಂತಳು.

ಎರಡು ವರ್ಷದಲ್ಲಿ ಸ್ಯಾಂಡಿ ಹುಕ್‌ನಲ್ಲಿ ಪಟ್ಟೆ ಪಟ್ಟೆಯ ಬಾಸ್ ಮೀನು ಎರಡು ಸಿಕ್ಕವು, ಎರಡನ್ನೂ ಬಿಟ್ಟಳು. ಅಷ್ಟರಲ್ಲಿ ನೌರೀನ್ ಒಂದು ವಿಡಿಯೋ ತೋರಿಸಿದಳು: ಬೇಸಿಗೆಯಲ್ಲಿ ಫ್ಲಾರಿಡಾದ ಬೀಚಿಗೆ ಬರುವ, ಮೈಯುದ್ದಕ್ಕೂ ಕಪ್ಪು ಗೆರೆಯಿರುವ ಸ್ನೂಕ್ ಮೀನು. ಅಲ್ಲಿಂದ ಹೊಸ ತಳಮಳ ಶುರುವಾಯಿತು. ಮಗಳು ಐಶ್ವರ್ಯಾ ಇರುವುದು ಅಲ್ಲಿನ ಸರಸೋಟದಲ್ಲೇ. ಜೂನ್ ಬರುತ್ತಿದ್ದಂತೆ ಗಂಡನನ್ನೂ ಹೊರಡಿಸಿಕೊಂಡು ಹೋದಳು.

ಮೂರು ಬೆಳಿಗ್ಗೆ ಏನೂ ಸಿಗಲಿಲ್ಲ. ವಾಪಸು ಹೊರಡಬೇಕಿದ್ದ ನಾಲ್ಕನೆಯ ದಿನವೂ ತೊಡೆಮಟ್ಟದ ನೀರಿಗಿಳಿದು, ಇನ್ನೂ ದೂರ, ಇನ್ನೂ ದೂರ ಎಂದು ಬೀಸಿದಳು. ಬೀಸಿದ ಗಾಳ ನೀರು ಮುಟ್ಟುವ ಮೊದಲೇ ಮುಂದಿನ ಬೀಸಿಗೆ ಕೈ ತುಡಿಯುತ್ತಿತ್ತು. ಮರಳಲ್ಲಿ ಕೊಡೆ ಹಿಡಿದು ಕೂತಿದ್ದ ದಿವಾಕರ ಒಮ್ಮೆಲೇ ಎದ್ದು ನಿಂತ.

"ಸುಧಾ! ನಿನ್ನ ಹಿಂದೆ! ಮೈಮೇಲೆ ಕಪ್ಪು ಗೆರೆ ಇರೋದು!"

ತಿರುಗಿ ನೋಡಿದರೆ ಅವಳಿಗೂ ದಡಕ್ಕೂ ನಡುವೆ, ಮೊಣಕಾಲುದ್ದದ ನೀರಲ್ಲಿ, ಉದ್ದನೆಯ ಮೀನೊಂದು ಆರಾಮವಾಗಿ ಹೋಗುತ್ತಿತ್ತು. ನಾಲ್ಕು ದಿನ ಅವಳು ಮೀನಿನ ದಾರಿಯನ್ನೇ ತುಳಿದು ದಾಟಿ, ಅದರಾಚೆ ನಿಂತಿದ್ದಳು.

"ಅಯ್ಯೋ ನನ್ನ ಬುದ್ಧಿಗಿಷ್ಟು," ಎಂದು ನೀರಿನಿಂದ ಹೊರಬಂದಳು. ಮರಳ ಮೇಲೆ ಹಿಂದೆ ಹಿಂದೆ ನಡೆದು, ಅಲುಗದೆ ಕಾಯತೊಡಗಿದಳು. ಅವಳಿಗೆ ಅದಕ್ಕಿಂತ ಕಷ್ಟದ ಕೆಲಸವಿರಲಿಲ್ಲ. ಕಾಲು ತಾನಾಗಿಯೇ ಮುಂದೆ ಹೋಗುತ್ತಿತ್ತು.

"ನಿಲ್ಲೇ, ನಾನು ನೋಡಿ ಹೇಳ್ತೀನಿ," ಎಂದ ದಿವಾಕರ. ಸ್ವಲ್ಪ ಹೊತ್ತಿಗೆ ಪಿಸುಗುಟ್ಟಿದ: "ಬಂತು. ಎಡಗಡೆ. ಮೂರಿವೆ."

ದಡದ ಗುಂಟ ಒಂದು ಚಿಕ್ಕ ಬೀಸು. ಮೀನು ಕಚ್ಚಿದ್ದೇ ತಡ, ನೀರಿನ ಮೇಲೆ ಜಿಗಿಯಿತು, ದಾರ ಬೆರಳು ಸುಡುತ್ತ ಓಡಿತು. ಅಷ್ಟರಲ್ಲಿ ಎಳೆತ ಇಲ್ಲವಾಯಿತು. ಮೀನಿನ ಕಿವಿರ ಮುಚ್ಚಳದ ಚೂಪಾದ ಅಂಚು ದಾರದ ತುದಿಯನ್ನು ಕೊಯ್ದಿತ್ತು.

ಹೊಸ ಗಂಟು ಹಾಕುವ ಅವಸರದಲ್ಲಿ ದಾರ ಎರಡು ಸಲ ಜಾರಿತು. ದಿವಾಕರನೇ ಕನ್ನಡಕ ಮೇಲೇರಿಸಿ, ಅವಳು ಹೇಳಿದಂತೆ ದಪ್ಪ ದಾರ ಕಟ್ಟಿಕೊಟ್ಟ. ಬಿಸಿಲೇರಿದ ಮೇಲೆ ಎರಡನೆಯದು ಕಚ್ಚಿತು. ಇದು ತಪ್ಪಿಸಿಕೊಳ್ಳಲಿಲ್ಲ. ಅವಳು ನೀರಲ್ಲಿ ಮಂಡಿಯೂರಿ ಕೊಕ್ಕೆ ಬಿಡಿಸಿ, ಎರಡೂ ಕೈಯಲ್ಲಿ ಅದನ್ನು ಆತು ಹಿಡಿದಳು. ತಣ್ಣಗಿನ, ಗಟ್ಟಿ ಮೈ. ದಿವಾಕರನೂ ನೀರಿಗಿಳಿದು ಬಗ್ಗಿ ನೋಡಿದ. ಮೀನು ಒಮ್ಮೆ ಬಾಲ ಜಾಡಿಸಿ ಇಬ್ಬರ ಮುಖಕ್ಕೂ ನೀರೆರಚಿ ಹೊರಟುಹೋಯಿತು.

ದಿವಾಕರ ಮೀನು ಹೋದ ಕಡೆಯೇ ನೋಡುತ್ತಿದ್ದ.

"ಫ್ಲೈಟ್ ಎಷ್ಟು ಗಂಟೆಗೆ?" ಎಂದಳು ಸುಧಾಮಣಿ.

"ಸಂಜೆ ಏಳಕ್ಕೆ."

"ಹಾಗಾದ್ರೆ ಟೈಮಿದೆ," ಎನ್ನುತ್ತಲೇ ಅವಳು ದಡ ಹಿಡಿದು ಮುಂದೆ ಹೊರಟಿದ್ದಳು.