ಹಂದಿಗಳಿಗೆ ಬೀಗರ ಉಪಚಾರ

ಹೊಲಕ್ಕೆ ಹಂದಿ ಇಳಿದರೆ ನಮ್ಮೂರು ತಿಗನಾರೆಯಲ್ಲಿ ಬೇರೆಯವರು ಪಟಾಕಿ ಹೊಡೆಯುತ್ತಾರೆ. ನಮ್ಮಣ್ಣ ಉಪಚಾರ ಮಾಡುತ್ತಿದ್ದ. ಸಂತೆಯಲ್ಲಿ ತರಕಾರಿಯವರು ಕೂಗಿಸುತ್ತಾರಲ್ಲ, ಆ ಕೈಮೈಕು ತಂದು, ಅದರೊಳಗೆ ತನ್ನ ದನಿ ತುಂಬಿ, ಮನೆ ಪಕ್ಕದ ರಾಗಿ ಹೊಲದಲ್ಲಿ ಕಟ್ಟಿದ್ದ. “ಬನ್ನಿ ಬೀಗ್ರೇ, ಕೂತ್ಕಳಿ! ರಾಗಿ ಸಾಕಾ, ಇನ್ನೊಸಿ ಇಕ್ಲಾ?” ಆಮೇಲೆ ತಂಬಿಗೆಗೆ ಸೌಟಿನೇಟು, ಎಮ್ಮೆ ಸೀನಿದಂತೆ ಒಂದು ಸೀನು. ದಾರಿಹೋಕರು ನಿಂತು ನಗುತ್ತಿದ್ದರು. ಹಂದಿಗಳು ಓಡುತ್ತಿದ್ದವು.

ಹಂದಿಯೇನು ದಡ್ಡ ಪ್ರಾಣಿಯಲ್ಲ. ಒಂದೇ ಸದ್ದು ನಾಲ್ಕು ದಿನ ಕೇಳಿದರೆ ಅದಕ್ಕೆ ಸದರ. ಹಾಗಾಗಿ ಅಣ್ಣ ಮೇಲಿಂದ ಮೇಲೆ ಹೊಸದು ತುಂಬುತ್ತಿದ್ದ. ಕುಕ್ಕರಿನ ಕೂಗು, ಆಡಿನ ಜಗಳ, ಅತ್ತಿಗೆಯ ಬೈಗುಳ, ಯಾವುದನ್ನೂ ಬಿಡಲಿಲ್ಲ. ಆ ಮೈಕಿನಲ್ಲಿ ಒಂದು ಸಲಕ್ಕೆ ಒಂದೇ ಹಿಡಿಯುತ್ತದೆ. ಹೊಸದು ತುಂಬಿದರೆ ಹಳೆಯದು ಹೋಯಿತು.

ಹೋದ ವರ್ಷ ಅವನ ಗಂಟಲಲ್ಲಿ ಕ್ಯಾನ್ಸರ್ ಎಂದರು. ಧ್ವನಿಪೆಟ್ಟಿಗೆ ತೆಗೆಯದೆ ಉಳಿಯುವುದಿಲ್ಲ ಎಂದರು. ಆಸ್ಪತ್ರೆಗೆ ಹೊರಡುವ ದಿನ ಬೆಳಿಗ್ಗೆಯೂ ಆ ಪುಣ್ಯಾತ್ಮ ಕರಕರ ಎನ್ನುವ ಗಂಟಲಲ್ಲೇ ಮತ್ತೆ ಬೀಗರನ್ನು ಕರೆದು ತುಂಬಿ ಬಂದ. ನನಗೆ ಮೈ ಉರಿಯಿತು.

“ಇವತ್ತೂ ಉಡುಗಾಟವೇನಣ್ಣ ನಿಂಗೆ?”

“ನಾನಿಲ್ದಿದ್ರೆ ಅವ್ಕೆ ಬ್ಯಾಜಾರಾಯ್ತದೆ ಕಣವ್ವ” ಎಂದ.

ಕತ್ತಿನಲ್ಲೊಂದು ತೂತು ಮಾಡಿಸಿಕೊಂಡು ವಾಪಸ್ಸು ಬಂದ. ಉಸಿರೆಲ್ಲ ಅದರಲ್ಲೇ, ಮಾತಿಲ್ಲ. ಮೈಕು ಮಾತ್ರ ಬೀಗರನ್ನು ಕರೆಯುತ್ತಲೇ ಇತ್ತು. ಸಂಜೆಯಾದರೆ ಅತ್ತಿಗೆ ಅದನ್ನು ಹಾಕಿ, ಜಗುಲಿಯಲ್ಲಿ ಕುಳಿತು ಕೇಳುತ್ತಿದ್ದಳು. ಅಷ್ಟರಲ್ಲಿ ಹಂದಿಗಳಿಗೆ ಅದೂ ಹಳೆಯದಾಗಿತ್ತು. ಮೈಕಿನ ಬುಡದಲ್ಲೇ ತೆನೆ ತಿಂದು ಹೋಗಿದ್ದವು.

ಅಣ್ಣ ಮೈಕು ಬಿಚ್ಚಿ ತಂದ. ಅತ್ತಿಗೆ ಕಿತ್ತುಕೊಂಡು ಎದೆಗವಚಿಕೊಂಡಳು. “ಒಲ ಆಳಾಗೋಗ್ಲಿ, ಇದ್ನ ಅಳಿಸ್ಬ್ಯಾಡಿ!” ನಾನು ಫೋನ್ ತಂದೆ. “ತಡಿಯಣ್ಣ, ಇದ್ಕಾದ್ರೂ ತುಂಬ್ಕತೀನಿ.” ಅವನು ಬೇಡವೆಂದು ತಲೆಯಾಡಿಸಿದ. ಹಂದಿ ಮೇಯ್ದ ಹೊಲದ ಕಡೆ ಕೈ ತೋರಿಸಿದ. ಆಮೇಲೆ ಅತ್ತಿಗೆಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿ, ದನಿ ತುಂಬುವ ಕೆಂಪು ಗುಂಡಿ ಒತ್ತಿ, ಮೈಕನ್ನು ಕತ್ತಿನ ತೂತಿಗೆ ಹಿಡಿದು ಕೆಮ್ಮಿದ. ಹಾಳಾದವನು, ಒಂದು ಸಲ ಕೇಳಿಕೊಳ್ಳಲೂ ಬಿಡಲಿಲ್ಲ.

ಸಂಜೆ ಹೊಲದಿಂದ ಆ ಸದ್ದು ಬಂತು. ಬುಸ್ಸೆಂದಿತು, ಗೊರಗೊರ ಎಂದಿತು. ಯಾವ ಪ್ರಾಣಿಯದೆಂದು ಹೇಳುವಂತಿರಲಿಲ್ಲ. ಹಂದಿಗಳು ಬಿದ್ದಂಬೀಳ ಓಡಿದವು. ಅಣ್ಣ ನನ್ನ ಬೆನ್ನಿಗೊಂದು ಗುದ್ದಿ, ತೊಡೆ ತಟ್ಟಿಕೊಂಡು, ಬಾಯಿ ತುಂಬ ನಕ್ಕ. ಭುಜ ಕುಣಿಯಿತು, ಕಣ್ಣಲ್ಲಿ ನೀರು ಬಂತು. ಸದ್ದು ಬರಲಿಲ್ಲ.

ಅತ್ತಿಗೆ ಎದ್ದು ಒಳಗೆ ಹೋದಳು.