ಮಿಷನ್ನಿಗೆ ಕಟ್ಟಿದ ನಿಂಬೆಹಣ್ಣು

ನಮ್ಮ ಮನೆಯವರು ಕುಡುಗೋಲು ಹಿಡಿದರೆ ಅವರ ಮರ್ಯಾದೆ ಹೋಗುತ್ತದೆ. ಅದು ಹೆಂಗಸರ ಸಾಮಾನು ಎಂಬುದು ಅವರಿಗೆ ಯಾರೂ ಹೇಳಿಕೊಡದೆಯೇ ಗೊತ್ತು. ಹಾಗಾಗಿ ನನ್ನ ಬಲಭುಜ ಎತ್ತಲಾಗದಂತೆ ಹಿಡಿದುಕೊಂಡಿದ್ದರಿಂದ, ಡಾಕ್ಟರು ಇನ್ನು ಹುಲ್ಲು ಕೊಯ್ಯಬೇಡಿ ಎಂದಾಗ, ಅರಕೆರೆಯ ನಮ್ಮ ಮನೆಗೆ ಪೆಟ್ರೋಲಿನಲ್ಲಿ ಓಡುವ ಹುಲ್ಲು ಕತ್ತರಿಸುವ ಮಿಷನ್ನು ಬಂತು. ಅದನ್ನು ಹೆಗಲಿಗೆ ನೇತುಹಾಕಿಕೊಂಡು, ಕಪ್ಪು ಕನ್ನಡಕ ಏರಿಸಿಕೊಂಡು, ರಸ್ತೆ ಪಕ್ಕದ ನಮ್ಮ ಬದುವಿನ ಮೇಲೆ ನಿಂತರೆ ಮರ್ಯಾದೆ ಹೋಗುವುದಿರಲಿ, ಒಂದು ಕೈ ಹೆಚ್ಚೇ ಆಗುತ್ತಿತ್ತು. ಬಸ್ಸಿನಲ್ಲಿ ಹೋಗುವವರೆಲ್ಲ ತಮ್ಮನ್ನೇ ನೋಡುತ್ತಾರೆಂದು ಅವರ ನಂಬಿಕೆ. ನೋಡಿಕೊಳ್ಳಲಿ, ನನಗೇನು. ನನ್ನ ಹಸುವಿಗೆ ಹಸಿಹುಲ್ಲು ಬಂದರೆ ಸಾಕಿತ್ತು.

ಆ ಹಸುವಿನ ತಾಯಿ ಕರು ಹಾಕಿ ಸತ್ತಿತ್ತು. ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ನಾನು. ನನ್ನ ಹೆಜ್ಜೆ ಸದ್ದು ಕೇಳಿದರೆ ಕೊಟ್ಟಿಗೆಯಿಂದಲೇ ಕೂಗುತ್ತದೆ. ನಮ್ಮ ಮನೆಯವರ ಹೆಜ್ಜೆ ಸದ್ದಿಗೆ ಕಿವಿಯನ್ನೂ ಆಡಿಸುವುದಿಲ್ಲ.

ಆಯುಧಪೂಜೆ ಬಂತು. ಮಿಷನ್ನಿಗೆ ಸ್ನಾನ, ವಿಭೂತಿ, ಕುಂಕುಮ, ಚೆಂಡುಹೂವಿನ ಹಾರ, ಎಲ್ಲವೂ ಆಯಿತು. ಮದುವೆಯ ದಿನ ನನಗೂ ಇಷ್ಟು ಉಪಚಾರ ನಡೆದಿರಲಿಲ್ಲ. ಬಸ್ಸಿನವರ ದೃಷ್ಟಿ ತಾಗದಿರಲೆಂದು ನಿಂಬೆಹಣ್ಣು, ಮೆಣಸಿನಕಾಯಿ ಬೇರೆ. ದಾರದಲ್ಲಿ ಕಟ್ಟಿದರೆ ಅದುರಿ ಕಿತ್ತುಹೋಗುತ್ತದೆಂದು, ಮನೆಗೆ ಮೋಲ್ಡಿಂಗ್ ಹಾಕಿಸಿದಾಗ ಉಳಿದಿದ್ದ ಕಬ್ಬಿಣದ ತಂತಿ ತಂದು, ಇಕ್ಕಳದಲ್ಲಿ ತಿರುಚಿ ತಿರುಚಿ ಹಿಡಿಕೆಯ ಬುಡಕ್ಕೆ ಬಿಗಿದರು. ಪೂಜೆಯ ದಿನ ಆಯುಧ ಮುಟ್ಟಬಾರದಲ್ಲ, ಸುಮ್ಮನೆ ಒರಗಿಸಿಟ್ಟರು. ಮರುದಿನ ಸ್ಟಾರ್ಟ್ ಮಾಡಲು ಹಗ್ಗ ಎಳೆದರೆ ಮಿಷನ್ನು ಕೆಮ್ಮಲೂ ಇಲ್ಲ.

ಆಮೇಲೆ ನಮ್ಮ ಅಂಗಳದಲ್ಲಿ ಎಂಜಿನಿಯರುಗಳಿಗೆ ಬರವೇ ಇರಲಿಲ್ಲ. ಹಾಲಿನ ಡೇರಿಗೆ ಹೊರಟವರೆಲ್ಲ ಒಮ್ಮೆ ಹಗ್ಗ ಎಳೆದು, ಒಂದು ಅಭಿಪ್ರಾಯ ಕೊಟ್ಟು, ಕಾಫಿ ಕುಡಿದು ಹೋದರು. ಪೆಟ್ರೋಲು ಹಳೆಯದಾಗಿದೆ ಎಂದರು, ಬದಲಾಯಿಸಿದ್ದಾಯಿತು. ನೀರು ಹೋಗಿದೆ ಎಂದರು, ಬಿಸಿಲಿಗೆ ಒಣಗಿಸಿದ್ದಾಯಿತು. ಹೊಸ ಪ್ಲಗ್ಗು ತಂದು, ಕ್ಯಾಪಿಗೆ ಸಿಕ್ಕಿಸಿ, ಎಂಜಿನ್ನಿನ ಲೋಹಕ್ಕೆ ತಾಗಿಸಿ ಹಗ್ಗ ಎಳೆದು ನೋಡಿದರು. ಕಿಡಿ ಬರಲಿಲ್ಲ.

"ಪೂಜೆ ಗಂಟ ಚೆನ್ನಾಗಿತ್ತಲ್ಲ, ಆ ನಿಂಬೆಣ್ಣು ಒಸಿ ಬಿಚ್ಚಿ ನೋಡಿ," ಎಂದೆ.

"ಸುಮ್ಕಿರು, ನಿಂಗೇನ್ ಗೊತ್ತಾಯ್ತದೆ ಎಂಜಿನ್ ಇಚಾರ. ಅಮಾಸೆ ಗಂಟ ಅದ ಬಿಚ್ಚಂಗಿಲ್ಲ."

ಮಿಷನ್ನನ್ನು ಈಟಿಯಂತೆ ಹಿಡಿದು ನಾನು ಬೈಕಿನ ಹಿಂದೆ ಕೂತು, ಇಬ್ಬರೂ ಶ್ರೀರಂಗಪಟ್ಟಣಕ್ಕೆ ಹೋದೆವು. ಅಲ್ಲಿನ ಮೆಕ್ಯಾನಿಕ್ ಭಾಯಿ ಎಲ್ಲ ಬಿಚ್ಚಿದರು. ಇದು ಲೋಹಕ್ಕೆ ತಾಗಿದರೆ ಕಿಡಿ ಬರುವುದಿಲ್ಲ ಎನ್ನುತ್ತ, ಆಫ್ ಸ್ವಿಚ್ಚಿನ ವೈರನ್ನು ಬೆರಳಲ್ಲಿ ಹಿಡಿದು ಎಂಜಿನ್ನಿನಿಂದ ಮೇಲಕ್ಕೆ ಬಂದರು. ನಿಂಬೆಹಣ್ಣು ಸಿಕ್ಕಿತು, ಕೈ ಹಿಂದಕ್ಕೆ ತೆಗೆದುಕೊಂಡರು.

"ನೈ ಅಕ್ಕಾ, ಪೂಜೆ ಮಾಡಿ ಕಟ್ಟಿರೋದು, ನಾನು ಮುಟ್ಟಬಾರ್ದು. ಕಿಡಿ ಕೊಡೋ ಕಾಯಿಲ್ ಹೋಗಿರ್ಬೇಕು, ಮೈಸೂರಿಂದ ತರಿಸ್ಬೇಕಾಯ್ತದೆ."

ದೇವರಿಗೆ ಇಷ್ಟೊಂದು ಜನ ಮರ್ಯಾದೆ ಕೊಡುವ ಊರಿನಲ್ಲಿ ಮಿಷನ್ನು ಹೇಗೆ ಓಡಬೇಕು?

ಹಸು ಒಣಹುಲ್ಲು ಮೂಸಿ ಮುಖ ತಿರುಗಿಸುತ್ತಿತ್ತು, ಹಾಲು ಇಳಿಯಿತು. ನಮ್ಮ ಮನೆಯವರು ತೀರ್ಪು ಕೊಟ್ಟರು: "ಹುಲ್ಲು ಕುಯ್ಯೋರು ಯಾರವ್ರೆ? ಮಾರ್ಬುಡದೇ ವಾಸಿ." ಕೆ.ಆರ್. ಪೇಟೆ ಕಡೆಯ ದಲ್ಲಾಳಿಗೆ ಫೋನು ಹೋಯಿತು. ಕಾಯಿಲ್ಲಿಗೆ ಕಾಯುವ ತಾಳ್ಮೆ ಇಲ್ಲದವರಿಗೆ ಹಸು ಮಾರುವುದರಲ್ಲಿ ಎಷ್ಟು ಚುರುಕು!

ದಲ್ಲಾಳಿ ಬಂದು, ಹಸುವಿನ ಬಾಯಿ ಬಿಡಿಸಿ ಹಲ್ಲು ನೋಡತೊಡಗಿದ. ಅದು ನನ್ನ ಕಡೆ ತಿರುಗಿ ಕೂಗಿತು. ಅಮಾವಾಸ್ಯೆಯೂ ಬೇಡ, ಏನೂ ಬೇಡ ಎಂದು ಇಕ್ಕಳ ಎತ್ತಿಕೊಂಡು, ಎಡಗೈಯಲ್ಲೇ ಆ ತಂತಿಯನ್ನು ಕತ್ತರಿಸಿ ಎಳೆದೆ. ಕೊಳೆತ ನಿಂಬೆಹಣ್ಣು ಕಾಲ ಮೇಲೆ ಬಿತ್ತು. ಅದರ ಕೆಳಗೆ, ಭಾಯಿ ಕೈಬಿಟ್ಟಿದ್ದ ವೈರಿನ ಸಿಪ್ಪೆ ಸೀಳಿ ತಾಮ್ರ ಹೊಳೆಯುತ್ತಿತ್ತು. ಕಬ್ಬಿಣದ ತಂತಿ ಅದನ್ನು ಮಿಷನ್ನಿನ ಲೋಹದ ಕೊಳವೆಗೆ ಒತ್ತಿ ಹಿಡಿದಿತ್ತು. ಅಂದರೆ, ಸ್ವಿಚ್ಚನ್ನು ಎಲ್ಲಿಟ್ಟರೂ ಮಿಷನ್ನು ಹಬ್ಬದ ದಿನದಿಂದ ಆಫ್ ಆಗಿಯೇ ಇತ್ತು. ಟೇಪು ಸುತ್ತಿ, "ಈಗ ಎಳೀರಿ," ಎಂದೆ. ನನ್ನನ್ನು ಗೇಲಿ ಮಾಡಲೆಂದೇ ಎಳೆದರು. ಗುರ್ರೆಂದಿತು.

ನನಗೆ ಅಳು ಬಂತು. ಹಸುವಿನ ಕುತ್ತಿಗೆ ತಬ್ಬಿಕೊಂಡು ಅತ್ತೆ.

ಅಷ್ಟರಲ್ಲಿ ನಮ್ಮ ಮನೆಯವರು ದಲ್ಲಾಳಿಗೆ ವಿವರಿಸುತ್ತಿದ್ದರು: "ಎಂಥಾ ದೃಷ್ಟಿ ತಾಕಿತ್ತು ನೋಡ್ಲಾ! ನಿಂಬೆಣ್ಣು ಎಲ್ಲಾನೂ ಎಳ್ಕಂಡದೆ. ನಾನು ಕಟ್ಟಿದ್ಕೇ ಮಿಷನ್ನು ಉಳೀತು."

ದಲ್ಲಾಳಿ ತಲೆಯಾಡಿಸಿ ಬರಿಗೈಯಲ್ಲಿ ಹೋದ. ನಾನು ಗೋಡೆಗೆ ಸಿಕ್ಕಿಸಿದ್ದ ಕುಡುಗೋಲು ತಂದು ನಮ್ಮ ಮನೆಯವರ ಕೈಗೆ ಕೊಟ್ಟೆ.

"ಇನ್ನೊಂದಪ ಮಿಷನ್ನು ನಿಂತೋದ್ರೆ, ದಲ್ಲಾಳಿಗೆ ಫೋನ್ ಮಾಡೋಕ್ ಮುಂಚೆ ಇದ ಎತ್ಕಳಿ. ಇದ್ಕೆ ಪ್ಲಗ್ಗೂ ಇಲ್ಲ, ಕಾಯಿಲ್ಲೂ ಇಲ್ಲ. ಎರಡು ಕೈ ಗಟ್ಟಿಗಿದ್ರೆ ಆಯ್ತು."

ಅವರು ಕುಡುಗೋಲನ್ನೂ ಅದನ್ನು ಹಿಡಿದ ಕೈಯನ್ನೂ ನೋಡುತ್ತ ನಿಂತರು. ಅಷ್ಟು ಹೊತ್ತಿಗೆ ರಸ್ತೆಯಲ್ಲಿ ಬಸ್ಸು ಬಂತು. ತಕ್ಷಣ ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.