ಗುಹೆಯಾಟದಲ್ಲಿ ಕಲಿತ ಚೆಕ್ಕುಬಂದಿ

ಹಳೆ ಸಾಮಾನು ಕೊಳ್ಳಲು ಹೋದಾಗ ಬೇಕು ಅನ್ನುವುದು ಮುಖದಲ್ಲಿ ಕಾಣಬಾರದು. ಬಿಡದಿಯ ಒಂದು ಕಾರ್ಖಾನೆ ತನ್ನ ಹಳೆ ಕಂಪ್ಯೂಟರುಗಳನ್ನು ಹರಾಜು ಹಾಕಿದ ದಿನ ನಾನು ಗುಜರಿಯವರ ಜೊತೆ ಶೆಡ್ಡಿನ ನೆರಳಲ್ಲಿ ನಿಂತು, ಈ ರಾಶಿಯನ್ನು ಯಾರಪ್ಪ ಹೊರುತ್ತಾರೆ ಅನ್ನುವ ಹಾಗೆ ಆಕಳಿಸುತ್ತಿದ್ದೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೂಗಿದರು. ಅದರ ಮೇಲೆ ಒಸಿ ಏರಿಸಿದೆ. ಹೋಗಲಿ ಬಿಡಮ್ಮ, ನೀನೇ ತಗೊಂಡು ಹೋಗು ಅಂದರು. ಆರು ಕಂಪ್ಯೂಟರು ಗೂಡ್ಸ್ ಆಟೋದಲ್ಲಿ ರಾಮನಗರಕ್ಕೆ ಬಂದವು. ಅದರಲ್ಲಿ ನಾಲ್ಕು ಓಡಿದವು.

ನನ್ನದು ಟೈಪಿಂಗ್ ಇನ್‌ಸ್ಟಿಟ್ಯೂಟು. ಮದುವೆಯಾಗಿ ಈ ಊರಿಗೆ ಬಂದ ಮೇಲೆ ನಾನೇ ಕಟ್ಟಿದ್ದು, ಎಂಟು ಹಳೆ ಟೈಪ್‌ರೈಟರುಗಳಿಂದ. ಎರಡು ಸಾವಿರದ ಇಸವಿ ದಾಟುವ ಹೊತ್ತಿಗೆ ಆ ಟಕಟಕ ಕೇಳಿದರೆ ಜನ ನಗುವ ಹಾಗಾಗಿತ್ತು. ಬಿಡದಿಯಲ್ಲಿ ಕಾರಿನ ಕಾರ್ಖಾನೆ, ಅದರ ಸುತ್ತ ಬಿಡಿಭಾಗದ ಕಾರ್ಖಾನೆಗಳು, ಎಲ್ಲ ಕಡೆ ಮೊದಲು ಕೇಳುವುದು ಕಂಪ್ಯೂಟರ್ ಬರುತ್ತಾ ಅಂತ. ಮೇನ್ ರೋಡಿನಲ್ಲಿ ಎ.ಸಿ. ಹಾಕಿದ, ಬಣ್ಣದ ಪರದೆಯ ಸೆಂಟರೊಂದು ಬಂತು. ನನ್ನ ಪರದೆಗಳು ಕಪ್ಪು, ಅದರ ಮೇಲೆ ಹಸಿರು ಅಕ್ಷರ. ಮೌಸ್ ಇಲ್ಲ, ಚಿತ್ರ ಇಲ್ಲ. ಆ ಸೆಂಟರಿನವನು ನನ್ನ ಇನ್‌ಸ್ಟಿಟ್ಯೂಟಿಗೆ ಮ್ಯೂಸಿಯಂ ಅಂತ ಹೆಸರಿಟ್ಟನಂತೆ. ಇಟ್ಟುಕೊಳ್ಳಲಿ. ಮ್ಯೂಸಿಯಂಗೂ ಜನ ಟಿಕೆಟ್ ಕೊಟ್ಟೇ ಬರುತ್ತಾರೆ.

ನಾಲ್ಕರಲ್ಲಿ ಒಂದು ಯಂತ್ರದ ಹೊಟ್ಟೆಯೊಳಗೆ ಆ ಆಟ ಇತ್ತು. ಕಾರ್ಖಾನೆಯ ಆಫೀಸಿನಲ್ಲಿ ಯಾರೋ ಬೇಜಾರು ಕಳೆಯಲು ಬಚ್ಚಿಟ್ಟುಕೊಂಡದ್ದಿರಬೇಕು. ಹೆಸರು ಟೈಪ್ ಮಾಡಿದರೆ ನಾಲ್ಕು ಸಾಲು ಇಂಗ್ಲಿಷ್ ಬರುತ್ತಿತ್ತು: ನೀನು ಇಂಥ ಕಡೆ ನಿಂತಿದ್ದೀಯ, ಎದುರಿಗೆ ಇಂಥದ್ದಿದೆ, ಇಂಥ ದಿಕ್ಕಿಗೆ ದಾರಿ ಇದೆ. ಆಮೇಲೆ ಸುಮ್ಮನೆ ಮಿಣುಕುತ್ತ ಕಾಯುತ್ತಿತ್ತು. ಏನು ಮಾಡಬೇಕೋ ನಾವು ಎರಡು ಪದದಲ್ಲಿ ಹೇಳಬೇಕು. ದೀಪ ತಗೋ. ಉತ್ತರಕ್ಕೆ ನಡೆ. ಹಾಗೆ ಹೇಳಿಕೊಂಡು ಒಂದು ಗುಹೆಗೆ ಇಳಿದು, ಅಲ್ಲಿನ ಒಡವೆ ಹೊತ್ತು ತರಬೇಕು.

ಇದರ ಹುಟ್ಟು ನನಗೆ ಗೊತ್ತಾದದ್ದು ತುಂಬ ಆಮೇಲೆ. ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದವನೊಬ್ಬ ರಜಾ ದಿನಗಳಲ್ಲಿ ನಿಜವಾದ ಗುಹೆಗಳಿಗೆ ಇಳಿದು ನಕ್ಷೆ ಬರೆಯುತ್ತಿದ್ದನಂತೆ. ಸಂಸಾರ ಮುರಿದಾಗ, ತನ್ನ ಹೆಣ್ಣುಮಕ್ಕಳು ಬಂದರೆ ಆಡಲಿ ಅಂತ ತಾನು ಕಂಡ ಗುಹೆಯನ್ನು ಮಾತಿನಲ್ಲೇ ಕಟ್ಟಿದ. ಇನ್ನೊಬ್ಬ ಅವನ ಅಪ್ಪಣೆ ಕೇಳಿ ಅದನ್ನು ಬೆಳೆಸಿದ. ಆಮೇಲೆ ಕಂಪನಿಗಳು ಇಂಥವನ್ನೇ ಡಬ್ಬಿಯಲ್ಲಿ ಹಾಕಿ ಮಾರಿದವು. ಪರದೆಗೆ ಚಿತ್ರ ಬಂತು, ಬಣ್ಣ ಬಂತು, ಅಕ್ಷರದ ಆಟ ಕೇಳುವವರಿಲ್ಲದೆ ಅಂಗಡಿಯಿಂದ ಇಳಿಯಿತು. ಗಿರಾಕಿ ಹೋದರೂ ಆಟ ಸಾಯಲಿಲ್ಲ. ಇವತ್ತಿಗೂ ಜನ ಹೊಸದಾಗಿ ಬರೆದು ಪುಕ್ಕಟೆ ಹಂಚುತ್ತಾರೆ. ಕಣ್ಣಿಲ್ಲದವರು ಕಂಪ್ಯೂಟರಿನಿಂದ ಓದಿಸಿಕೊಂಡು, ಕಣ್ಣಿದ್ದವರಿಗೆ ಸಮನಾಗಿ ಆಡುತ್ತಾರೆ.

ನಾನಂತೂ ಅದನ್ನು ಪಾಠಕ್ಕೆ ಹಚ್ಚಿದೆ. ಟೈಪ್ ಮಾಡದೆ ಆ ಆಟದಲ್ಲಿ ಒಂದು ಹೆಜ್ಜೆ ಮುಂದಕ್ಕೆ ಹೋಗಲಾಗದು. ಅಕ್ಷರ ತಪ್ಪಿದರೆ ಬಾಗಿಲು ತೆರೆಯದು. ಇದಕ್ಕಿಂತ ಒಳ್ಳೆ ಮೇಷ್ಟ್ರು ಎಲ್ಲಿ ಸಿಗಬೇಕು? ಹುಡುಗಿಯೊಬ್ಬಳ ಅಪ್ಪ ಬಂದು, ಫೀಸು ಕಟ್ಟುವುದು ಮಗಳು ಆಟ ಆಡಲಿ ಅಂತಲಾ ಎಂದು ಜೋರು ಮಾಡಿದರು. ಅವರನ್ನು ಸ್ಟೂಲಿನ ಮೇಲೆ ಕೂರಿಸಿ, ಕೀಬೋರ್ಡ್ ನೋಡದೆ ಮಗಳ ಬೆರಳು ಓಡುವುದನ್ನು ತೋರಿಸಿದೆ. ಅವರಿಗೆ ಸಮಾಧಾನ ಆಗಲಿಲ್ಲ, ಆಟ ಅಳಿಸಿ ಅಂದರು. ಅಳಿಸಲ್ಲ ಅಂದೆ. ಬೇಕಾದರೆ ಫೀಸು ವಾಪಸು ತಗೊಂಡು ಬಣ್ಣದ ಸೆಂಟರಿಗೆ ಸೇರಿಸಿ ಅಂದೆ. ಸೇರಿಸಲಿಲ್ಲ, ಅಲ್ಲಿ ಫೀಸು ಮೂರು ಪಟ್ಟು.

ಆ ಆಟದಲ್ಲಿ ನಾನು ಮಾಡಿದ ಒಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಗುಹೆಯೊಳಗೆ ಒಂದು ಸೇತುವೆ, ಅದಕ್ಕೊಬ್ಬ ಕಾವಲಿನವನು. ಒಡವೆ ಕೊಟ್ಟರೆ ಬಿಡುತ್ತೇನೆ ಅನ್ನುತ್ತಾನೆ. ನಾನು ಒಂದು ತಿಂಗಳು ಅವನ ಹತ್ತಿರ ಚೌಕಾಸಿ ಮಾಡಿದೆ. ಬಾಟಲಿ ಕೊಟ್ಟೆ, ಬೀಗದ ಕೈ ಕೊಟ್ಟೆ, ತಿನ್ನುವುದು ಕೊಟ್ಟೆ. ಇಲ್ಲಪ್ಪ ಹೋಗ್ತೀನಿ ಅಂತ ಹಿಂದಕ್ಕೆ ನಡೆದು, ಅವನು ಕೂಗುತ್ತಾನೆ ಅಂತ ಕಾದೆ. ಚನ್ನಪಟ್ಟಣದ ಗೊಂಬೆ ಅಂಗಡಿಯವರು ಎರಡನೇ ಹೆಜ್ಜೆಗೇ ಬನ್ನಿ ಬನ್ನಿ ಅಂತ ಕರೆಯುತ್ತಾರೆ. ಇವನು ಕರೆಯಲೇ ಇಲ್ಲ. ಆಗ ಬುದ್ಧಿ ಬಂತು. ಇಳಿಯುವವರ ಹತ್ತಿರ ಇಳಿಸಬೇಕು. ಬರೆದದ್ದಕ್ಕೆ ಕಟ್ಟುಬಿದ್ದವನ ಹತ್ತಿರ ಎಷ್ಟು ಮಾತಾಡಿದರೂ ದಂಡ, ಏನು ಬರೆದಿದೆ ಅನ್ನುವುದನ್ನೇ ನೋಡಬೇಕು.

ನನ್ನ ಅವ್ವನಿಗೆ ಓದು ಬರದು. ಗೂಡು ಹಾಕಲು ಅಣ್ಣ ರಾಮನಗರದ ರೇಷ್ಮೆ ಮಾರುಕಟ್ಟೆಗೆ ಬಂದಾಗಲೆಲ್ಲ ಅವಳೂ ಬರುತ್ತಿದ್ದಳು. ಹರಾಜು ಮುಗಿಯುವ ತನಕ ನನ್ನ ಇನ್‌ಸ್ಟಿಟ್ಯೂಟಿನಲ್ಲಿ ಕೂತು ಎಲೆ ಅಡಿಕೆ ಹಾಕುತ್ತ ಆ ಆಟ ಕೇಳುತ್ತಿದ್ದಳು. ನಾನು ಪರದೆ ಓದಿ ಕನ್ನಡದಲ್ಲಿ ಹೇಳುವುದು, ಅವಳು ಯೋಚನೆ ಮಾಡುವುದು. ಮೊದಲ ದಿನವೇ ಅವಳಂದದ್ದು, ಇದು ಪತ್ರ ಓದಿದಂಗೇ ಐತಲ್ಲ ಅಂತ. ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಬರೆಯುತ್ತಾರಲ್ಲ: ಪೂರ್ವಕ್ಕೆ ಇಂಥವರ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇಂಥದ್ದು ಅಂತ. ಗುಹೆಯ ಒಂದೊಂದು ಕೋಣೆಯೂ ಅವಳಿಗೆ ಒಂದೊಂದು ತುಂಡು ಹೊಲ.

ಒಂದು ಕಡೆ ಎಲ್ಲ ಕೋಣೆಯೂ ಒಂದೇ ಥರ, ಹೋದಲ್ಲಿಗೇ ಮತ್ತೆ ಹೋಗುತ್ತಿದ್ದೆವು. ನಾನೂ ಹುಡುಗಿಯರೂ ವಾರಗಟ್ಟಲೆ ಸುತ್ತಿ ಸುಸ್ತಾದೆವು. ಅವ್ವ ಬಂದವಳು, ಸರ್ವೆಯವರು ಕಲ್ಲು ನೆಡೋದು ಯಾಕೆ, ಗುರುತಿಗೆ ಅಲ್ವಾ, ಕೈಲಿರೋ ಸಾಮಾನು ಒಂದೊಂದು ಕ್ವಾಣೇಲಿ ಒಂದೊಂದು ಬುಟ್ಟು ಬಾ ಅಂದಳು. ಬಿಟ್ಟು ಬಂದೆವು. ದಾರಿ ಬಿಡಿಸಿಕೊಂಡಿತು. ಅಮೆರಿಕದವರೂ ಹೀಗೇ ಬಿಡಿಸಿದ್ದು ಅಂತ ಆಮೇಲೆ ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ.

ಅವತ್ತಿನಿಂದ ನಕ್ಷೆ ಇಡಲು ಶುರುಮಾಡಿದೆ. ಚನ್ನಪಟ್ಟಣದ ಗೊಂಬೆ ಕಾರ್ಖಾನೆಯಲ್ಲಿ ಅರಗಿನ ಬಣ್ಣ ಸರಿಯಾಗಿ ಹಿಡಿಯದ ಮಣಿಗಳನ್ನು ಒಂದು ಮೂಲೆಗೆ ಸುರಿಯುತ್ತಾರೆ. ಚೌಕಾಸಿ ಮಾಡಿ ಒಂದು ಚೀಲ ತಂದೆ. ನೆಲದ ಮೇಲೆ ಒಂದು ಕೋಣೆಗೆ ಒಂದು ಮಣಿ, ದಾರಿಗೊಂದು ಕಡ್ಡಿ. ಅವ್ವನ ಬೆರಳು ಅದರ ಮೇಲೆ ಓಡಾಡುತ್ತಿತ್ತು. ಒಂದು ಸಲ ಅವಸರಪಟ್ಟು ಒಂದು ಗುಂಡಿಗೆ ಹಾರಿ, ಅಲ್ಲಿಂದ ಯಾವ ದಿಕ್ಕಿಗೂ ದಾರಿಯಿಲ್ಲದೆ ಸಿಕ್ಕಿಹಾಕಿಕೊಂಡೆವು. ಉತ್ತರ ಅಂದರೂ ಇಲ್ಲ, ದಕ್ಷಿಣ ಅಂದರೂ ಇಲ್ಲ, ಮೇಲೆ ಅಂದರೂ ಇಲ್ಲ. ಮೊದಲಿಂದ ಶುರುಮಾಡದೆ ವಿಧಿಯಿರಲಿಲ್ಲ. ಅವ್ವ ಆ ಮಣಿಯನ್ನು ಎತ್ತಿ ಬೇರೆ ಇಟ್ಟಳು, ಅದಕ್ಕೆ ಕಡ್ಡಿ ಹಾಕಬ್ಯಾಡ ಅಂದಳು.

ಈಗ ಜಮೀನಿನ ಮಾತಿಗೆ ಬರುತ್ತೇನೆ. ನಮ್ಮ ತವರೂರು ಬಿಡದಿಗೆ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಮೂರು ಎಕರೆ ಅವ್ವ, ಅಣ್ಣ, ನಾನು, ಮೂವರ ಹೆಸರಲ್ಲಿ ನಿಂತಿತ್ತು. ಹಿಪ್ಪುನೇರಳೆ ಬೆಳೆಯುವ ಭೂಮಿ ಅಂತ ಇದ್ದಾಗ ಯಾರೂ ಪಾಲಿನ ಮಾತೆತ್ತಿರಲಿಲ್ಲ. ಪಕ್ಕದ ಹೊಲಕ್ಕೆ ಕಾರ್ಖಾನೆಯ ಕಾಂಪೌಂಡು ಬಂದ ಮೇಲೆ ಅಣ್ಣ ಬಂದ. ಹೆಣ್ಣುಮಕ್ಕಳ ಹತ್ತಿರ ಸೀರೆ ಕೊಟ್ಟು ಹಕ್ಕು ಬಿಡಿಸಿಕೊಳ್ಳುವವರೇ ಜಾಸ್ತಿ. ನಮ್ಮಣ್ಣ ಹಾಗೆ ಕೇಳಲಿಲ್ಲ, ಆ ಮಟ್ಟಿಗೆ ಅವನು ದೊಡ್ಡವನು. ನಿನಗೂ ಒಂದು ಎಕರೆ ಬರುತ್ತೆ, ವಿಭಾಗಪತ್ರ ಮಾಡಿಸಿದ್ದೀನಿ, ಬಂದು ಸೈನ್ ಹಾಕು ಅಂದ. ನನಗೆ ಕಣ್ಣು ತುಂಬಿ ಬಂತು. ಚೌಕಾಸಿ ಮಾಡುವ ನಾಲಿಗೆ ತವರಿನ ವಿಷಯದಲ್ಲಿ ಸುಮ್ಮನಾಗಿಬಿಡುತ್ತೆ. ಅದು ತಪ್ಪು. ಪ್ರೀತಿ ಇದ್ದ ಕಡೆಯೇ ಎರಡು ಸಲ ಓದಿಸಿಕೊಳ್ಳಬೇಕು.

ಸಬ್‌ರಿಜಿಸ್ಟ್ರಾರ್ ಆಫೀಸಿನ ಹೊರಗೆ ಪತ್ರಬರಹಗಾರರ ಮೇಜು. ಅಣ್ಣ, ಅವ್ವ, ನಾನು ಬೆಂಚಿನ ಮೇಲೆ ಕೂತೆವು. ಅಣ್ಣ ಟೀ ತರಿಸಿದ. ಪತ್ರಬರಹಗಾರರು ಹೆಬ್ಬೆಟ್ಟು ಒತ್ತುವ ಜಾಗ, ಸೈನಿನ ಜಾಗ ತೋರಿಸಿ ಮುಗಿಸಲು ನೋಡಿದರು. ಪೂರ್ತಿ ಓದಿ ಅಂದೆ. ಬೇಜಾರಿನಿಂದಲೇ ಓದಿದರು. ನನ್ನ ಪಾಲಿನ ಚೆಕ್ಕುಬಂದಿ ಬಂದಾಗ ನಾನು ಗುಹೆಯ ಕೋಣೆಗಳನ್ನು ಊಹಿಸುವ ಅಭ್ಯಾಸದಂತೆ ಕಣ್ಣು ಮುಚ್ಚಿದೆ. ಪೂರ್ವಕ್ಕೆ ಒಂದನೇ ಪಾರ್ಟಿಯ ಭಾಗ, ಅಂದರೆ ಅಣ್ಣನದು. ಪಶ್ಚಿಮಕ್ಕೆ ಪರರ ಜಮೀನು. ಉತ್ತರಕ್ಕೆ ಹಳ್ಳ, ಅವ್ವನ ಪಾಲು ಅದರಾಚೆ. ದಕ್ಷಿಣಕ್ಕೆ ಕಾರ್ಖಾನೆಯ ಕಾಂಪೌಂಡು.

ಇನ್ನೊಂದು ಸಲ ಓದಿ ಅಂದೆ. ಓದಿದರು. ಆಮೇಲೆ ಅವರ ಮೇಜಿನ ಮೇಲಿದ್ದ ಇಂಕ್‌ಪ್ಯಾಡು ಎಳೆದು ನಡುವೆ ಇಟ್ಟೆ, ಇದು ನಂದು. ಪೂರ್ವಕ್ಕೆ ಟೀ ಲೋಟ, ಅಣ್ಣಂದು. ಅದರಾಚೆ ಸ್ಕೇಲು, ರಸ್ತೆ. ಪಶ್ಚಿಮಕ್ಕೆ ಸ್ಟೇಪ್ಲರ್, ಉತ್ತರಕ್ಕೆ ಗೋಂದಿನ ಬಾಟಲಿ, ದಕ್ಷಿಣಕ್ಕೆ ಅವರ ರಿಜಿಸ್ಟರು. ಎಲ್ಲ ಒಂದಕ್ಕೊಂದು ಅಂಟಿಕೊಂಡು ಕೂತವು. ಮೊದಲು ದಕ್ಷಿಣದಲ್ಲಿ ಗಾಡಿ ಜಾಡು ಇತ್ತು. ಅದು ಈಗ ಕಾಂಪೌಂಡಿನೊಳಗೆ ಸೇರಿಹೋಗಿದೆ.

ಅಣ್ಣ ನನ್ನನ್ನು ನೋಡಿ ನಕ್ಕು, ಇದೇನಮ್ಮ ಚೌಕಾಬಾರ ಆಡ್ತಿದ್ದೀಯ ಅಂದ.

"ನನ್ನ ಪಾಲಿಗೆ ದಾರಿ ಎಲ್ಲೈತೆ ಅಣ್ಣ?"

"ಬದುವಿನ ಮೇಲೆ ಓಡಾಡ್ಕೋ. ಯಾರು ಬ್ಯಾಡ ಅಂದ್ರು? ನಾವೇನು ಹೊರಗಿನವ್ರಾ?"

ಬಾಯಲ್ಲಿ ಹೇಳಿದ್ದನ್ನು ಬರೆದುಬಿಡಿ ಅಂತ ನಾನು ಪತ್ರಬರಹಗಾರರಿಗೆ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಅಣ್ಣನ ಮುಖ ನೋಡಿದರು. ಅಣ್ಣನ ನಗು ಹೋಯಿತು. ಅದನ್ನೆಲ್ಲ ಬರೆದರೆ ಮುಂದಿನ ಜಾಗ ತಗೊಳ್ಳುವವರು ಒಪ್ಪುವುದಿಲ್ಲ ಅಂತ ಬಾಯಿಬಿಟ್ಟ. ಮುಂಭಾಗಕ್ಕೆ, ಅಂದರೆ ರಸ್ತೆ ಕಡೆಯ ಅವನ ಪಾಲಿಗೆ, ಆಗಲೇ ಗಿರಾಕಿ ಇದ್ದ ಅನ್ನುವುದು ನನಗೆ ಗೊತ್ತಾದದ್ದು ಅಲ್ಲಿ. ಅದು ಮಾರಿಹೋದರೆ ಬದುವೂ ಇಲ್ಲ, ಅಣ್ಣನ ಬಾಯಿಮಾತೂ ಇಲ್ಲ. ದಾರಿಯಿಲ್ಲದ ಒಂದು ಎಕರೆಯನ್ನು ಯಾರು ಎಷ್ಟಕ್ಕೆ ಕೇಳಿದರೂ ಕೊಟ್ಟು ಕೈತೊಳೆದುಕೊಳ್ಳಬೇಕು.

ಆಗ ಅವ್ವ ಬೆಂಚಿನಿಂದ ಮುಂದಕ್ಕೆ ಬಾಗಿ ಮೇಜು ನೋಡಿದಳು. ಅಣ್ಣನ ಮನೆಯಲ್ಲಿ ಊಟ ಮಾಡುವವಳು, ನನ್ನ ಪರ ಮಾತಾಡಲಿ ಅಂತ ನಾನು ಕಾದಿರಲಿಲ್ಲ. ಬೆರಳಿನಿಂದ ಇಂಕ್‌ಪ್ಯಾಡಿನ ನಾಲ್ಕು ಕಡೆಯೂ ತಡಕಿದಳು.

"ಇದು ನಾವು ಬಿದ್ದಿದ್ದ ಗುಂಡಿ ಅಲ್ವೇನವ್ವ?" ಅಂದಳು. ಆಮೇಲೆ ಅಣ್ಣನ ಕಡೆ ತಿರುಗಿ, "ಇದ್ಕೆ ದಾರಿ ಬರೆಸೋಗಂಟ ನಾನು ಹೆಬ್ಬೆಟ್ಟು ಒತ್ತಾಕಿಲ್ಲ ಕಣ್ಲಾ."

ಅಣ್ಣ ಎದ್ದು ಹೋದ. ಟೀ ದುಡ್ಡು ನಾನೇ ಕೊಟ್ಟೆ. ಅವ್ವ ಅವತ್ತು ನನ್ನ ಮನೆಗೆ ಬಂದವಳು ಎರಡು ತಿಂಗಳು ಊರಿಗೆ ಹೋಗಲಿಲ್ಲ. ಊರಿನವರು ಬಂದು ಹೆಣ್ಣುಮಗಳು ಒಸಿ ತಗ್ಗಬೇಕು ಅಂದರು, ಕಂಪ್ಯೂಟರ್ ನೋಡಿ ತಲೆ ಕೆಟ್ಟಿದೆ ಅಂತಲೂ ಅಂದರು. ಬಂದವರಿಗೆಲ್ಲ ಕಾಫಿ ಕೊಟ್ಟೆ, ಜಾಗ ಒಂದು ಗೇಣೂ ಹೆಚ್ಚು ಕೇಳಲಿಲ್ಲ, ದಾರಿ ಬರೆಯಿರಿ ಅಂತ ಆಟದ ಹಾಗೆ ಎರಡೇ ಪದ ಹೇಳಿದೆ. ಇದನ್ನು ನೀವೂ ಇಟ್ಟುಕೊಳ್ಳಿ. ಉದ್ದ ಮಾತಾಡಿದರೆ ಎದುರಿನವರಿಗೆ ಹಿಡಿಯಲು ಹತ್ತು ಎಳೆ ಸಿಗುತ್ತೆ. ಎರಡೇ ಪದವಾದರೆ ಹೌದು ಅನ್ನಬೇಕು, ಇಲ್ಲ ಅನ್ನಬೇಕು.

ಕೊನೆಗೆ ಅಣ್ಣ ಹೌದು ಅಂದ. ಮೂವರ ಸಹಿಯಿಲ್ಲದೆ ಅವನ ಗಿರಾಕಿ ನಿಲ್ಲುತ್ತಿರಲಿಲ್ಲ. ಉತ್ತರದ ಹಳ್ಳದ ಅಂಚಿಗೆ, ಅವನ ಭಾಗದಲ್ಲಿ, ರಸ್ತೆಯಿಂದ ನನ್ನ ಪಾಲಿನ ತನಕ ಹನ್ನೆರಡು ಅಡಿ ದಾರಿ. ಎತ್ತಿನಗಾಡಿ, ಟ್ರ್ಯಾಕ್ಟರು, ಲಾರಿ ಓಡಾಡಲು ಅಂತ ಒಂದೊಂದನ್ನೂ ಹೆಸರಿಟ್ಟು ಬರೆಸಿದೆ. ನಾನೇ ಟೈಪ್ ಮಾಡಿಕೊಂಡು ಹೋಗಿದ್ದೆ, ಪತ್ರಬರಹಗಾರರು ಒಂದು ಅಕ್ಷರವೂ ತಿದ್ದಲಿಲ್ಲ. ಅವ್ವ ಹೆಬ್ಬೆಟ್ಟು ಒತ್ತುವ ಮುಂಚೆ ಎರಡು ಸಲ ಓದಿಸಿಕೊಂಡಳು.

ಆ ವರ್ಷ ಗೌರಿಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಮುಂದಿನ ವರ್ಷವೂ ಇಲ್ಲ. ಬೀದಿಯಲ್ಲಿ ಎಲ್ಲರ ಮನೆ ಮುಂದೆ ಅಣ್ಣತಮ್ಮಂದಿರ ಬೈಕು ನಿಂತಾಗ ನನಗೆ ಏನೂ ಅನ್ನಿಸಲಿಲ್ಲ ಅಂದರೆ ಸುಳ್ಳಾಗುತ್ತೆ. ಮಾರುಕಟ್ಟೆಗೆ ಹೋಗಿ ಮೊರದ ಬೆಲೆ ಇಳಿಸಿ, ನನ್ನ ಬಾಗಿನ ನಾನೇ ಕಟ್ಟಿಕೊಂಡೆ. ದಾರಿ ಬೇಡ, ಬಾಗಿನ ಬರಲಿ ಅಂತ ಒಂದು ದಿನವೂ ಅಂದುಕೊಂಡಿಲ್ಲ.

ಇನ್‌ಸ್ಟಿಟ್ಯೂಟು ಈಗ ಬೇರೆ ರೂಪದಲ್ಲಿದೆ. ಹಸಿರು ಅಕ್ಷರದ ಆ ಒಂದು ಕಂಪ್ಯೂಟರನ್ನು ಮಾತ್ರ ಗುಜರಿಯವರಿಗೆ ಕೊಟ್ಟಿಲ್ಲ. ಪ್ರತಿ ವರ್ಷ ಬಂದು ಕೇಳುತ್ತಾರೆ, ನಾನು ಆಕಳಿಸುತ್ತೇನೆ. ಅದು ಇನ್ನೂ ಓಡುತ್ತೆ. ಸೇತುವೆಯ ಕಾವಲಿನವನು ಇನ್ನೂ ಇಳಿದಿಲ್ಲ.

ಬಿಡದಿಯ ಆ ಎಕರೆಯನ್ನು ಮಾರಲಿಲ್ಲ. ಶೆಡ್ಡು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇನೆ, ಲಾರಿಗಳು ಹನ್ನೆರಡು ಅಡಿಯಲ್ಲಿ ಬಂದು ಹೋಗುತ್ತವೆ. ಮುಂಭಾಗ ಮಾರಿದ ಮೇಲೆ ಅಣ್ಣನಿಗೆ ಉಳುಮೆಗೆ ಉಳಿದದ್ದು ಹಳ್ಳದಾಚೆಯ ಅವ್ವನ ತುಂಡು. ಅದಕ್ಕೆ ಹೋಗಲು ಅವನ ಟ್ರ್ಯಾಕ್ಟರಿಗೂ ಈಗ ಇದೊಂದೇ ದಾರಿ. ಕೊಂಡವನು ಒಂದು ಸಲ ಅವನನ್ನು ತಡೆದನಂತೆ. ಅಣ್ಣ ಮನೆಗೆ ಹೋಗಿ ಪತ್ರ ತಂದು ಓದಿ ತೋರಿಸಿದನಂತೆ. ಮೂರೂ ಪಾರ್ಟಿಯವರು ಓಡಾಡತಕ್ಕದ್ದು ಅಂತ ಅದರಲ್ಲಿದೆ. ಆ ಸಾಲು ನಾನು ಟೈಪ್ ಮಾಡಿದ್ದು.